ಹನ್ನೊಂದನೇ ಹಾಸಿಗೆ

ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಕಿಡಕಿಯ ಪಕ್ಕದ ಜಾಗವನ್ನು ತಾಯಪ್ಪನಿಗೆ ಬಿಟ್ಟುಕೊಟ್ಟದ್ದು ಯಾಕೆ ಎಂದು ವಿರೂಪಾಕ್ಷಪ್ಪ ತನ್ನನ್ನೇ ಕೇಳಿಕೊಂಡ. ಮರ್ಯಾದೆಗಲ್ಲ, ಅಕ್ಕರೆಗೂ ಅಲ್ಲ. ಒಳಗೆ ಕೂರಿಸಿ ತಾನು ಈಚೆ ಅಡ್ಡ ಕೂತರೆ ನಡುವೆ ಎಲ್ಲೂ ಇಳಿದು ಹೋಗಲಾರ ಎಂಬ ಉಪಾಯ ಅದು, ಅಷ್ಟೇ. ಅದು ತಾಯಪ್ಪನಿಗೂ ಗೊತ್ತಾಗಿದೆ ಅನ್ನಿಸಿತು. ಗೊತ್ತಾಗಿಯೂ ಅವನು ಸುಮ್ಮನೆ ಒಳಗೆ ಸರಿದು, ಮೊಣಕಾಲು ಜೋಡಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋ ತೆಗೆಸಲು ಕೂತವನ ಹಾಗೆ ಕೂತಿದ್ದ. ಬೆಳಿಗ್ಗೆ ಅಡುಗೆಯ ಸಕೀನಾಬೀ ಕ್ಷೌರಿಕನನ್ನು ಕರೆಸಿ ಅವನ ಗಡ್ಡ ಬೋಳಿಸಿದ್ದಳು. ಎಷ್ಟೋ ವರ್ಷ ಬಿಸಿಲು ಕಾಣದ ಗದ್ದ ಉಳಿದ ಮುಖಕ್ಕಿಂತ ಬೆಳ್ಳಗಿತ್ತು. ಅಂಗಿ ವಿರೂಪಾಕ್ಷಪ್ಪನದೇ. ಮನೆಯಿಂದ ತರುವಾಗ ಹೆಂಡತಿ ಸೂಗಮ್ಮ ಮಡಚಿ ಕೊಡುತ್ತ, "ಅದನ್ನ ತಿರುಗಿ ತರಬ್ಯಾಡ್ರಿ ಮತ್ತ," ಅಂದಿದ್ದಳು. ಹೊರಗೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಎಲ್ಲೆಲ್ಲಿ ಉಪಕಾಲುವೆ ರಸ್ತೆಯ ಪಕ್ಕಕ್ಕೆ ಬರುತ್ತಿತ್ತೋ ಅಲ್ಲೆಲ್ಲ ತಾಯಪ್ಪ ಮುಖವನ್ನು ಬಸ್ಸಿನ ಒಳಕ್ಕೆ ತಿರುಗಿಸುತ್ತಿದ್ದ. ಬಿಸಿಲು ಕಣ್ಣಿಗೆ ಹೊಡೆಯುತ್ತಿರಬೇಕು ಅಂದುಕೊಂಡ ವಿರೂಪಾಕ್ಷಪ್ಪ.

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ, ಅವರು ಹೊರಟು ಬಂದ ಮುಸಾಫಿರಖಾನೆ ನಿಜಾಮರ ಕಾಲದ್ದು. ಊರಿಂದೂರಿಗೆ ಹೋಗುವವರು ಒಂದು ರಾತ್ರಿ ತಂಗಲೆಂದು ಕಟ್ಟಿದ್ದು, ಈಗ ಎಲ್ಲಿಗೂ ಹೋಗದವರ ಪಾಲಾಗಿತ್ತು. ಭತ್ತ ಕೊಯ್ಯಲು ಬಂದು ಹಿಂದಿರುಗದೆ ಉಳಿದವರು, ಮಿಲ್ಲಿನಲ್ಲಿ ಚೀಲ ಹೊತ್ತು ಬೆನ್ನು ಹೋದ ಹಮಾಲರು, ಮಕ್ಕಳು ಬಸ್ಸಿಗೆ ಹತ್ತಿಸಿ ಕಳಿಸಿದ ಮುದುಕರು. ಮೂರು ವರ್ಷದ ಹಿಂದೆ ರಾಯಚೂರಿನ ಒಂದು ಟ್ರಸ್ಟಿನವರು ಮೇಲೆ ತಗಡು ಹೊದಿಸಿ, ಹದಿನಾಲ್ಕು ಕಬ್ಬಿಣದ ಮಂಚ ಹಾಕಿ, ಅಲ್ಲಿ ಬಿದ್ದಿರುವವರಿಗೇ ಕುಡಿತ ಬಿಡಿಸುವ ಔಷಧ ಕೊಡಲು ಶುರುಮಾಡಿದ್ದರು. ಕುಡಿತವೆಂದರೆ ಇಲ್ಲಿ ಹೆಚ್ಚಾಗಿ ಸೇಂದಿ. ಈಚಲು ಗಿಡದಿಂದ ಇಳಿಸಿದ್ದಾದರೆ ಚಿಂತೆಯಿರಲಿಲ್ಲ, ಅಂಗಡಿಯವರು ಅದಕ್ಕೆ ಬಿಳಿ ಪುಡಿಯೊಂದನ್ನು ಕಲಸುತ್ತಿದ್ದರು. ಆ ಪುಡಿಗೆ ಒಗ್ಗಿದ ಮೈ ಅದನ್ನು ಬಿಟ್ಟ ಎರಡನೇ ದಿನ ನಡುಗುತ್ತದೆ, ಮೂರನೇ ದಿನ ಗೋಡೆಯ ಮೇಲೆ ಇರುವೆ ಕಾಣುತ್ತದೆ, ಸತ್ತವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾರೆ. ಡಾಕ್ಟರು ರಾಯಚೂರಿನಿಂದ ತಿಂಗಳಿಗೊಮ್ಮೆ ಬರುವರು. ಉಳಿದ ದಿನವೆಲ್ಲ ಗುಳಿಗೆ ಕೊಡುವುದು, ಸೂಜಿ ಚುಚ್ಚುವುದು, ನಾಲಿಗೆ ಕಚ್ಚಿಕೊಳ್ಳದ ಹಾಗೆ ಹಲ್ಲಿನ ನಡುವೆ ಅರಿವೆ ಇಡುವುದು, ಕೆಲವೊಮ್ಮೆ ಮಂಚಕ್ಕೆ ಕಟ್ಟುವುದು, ಎಲ್ಲ ವಿರೂಪಾಕ್ಷಪ್ಪನ ಕೆಲಸ. ಅವನು ಡಾಕ್ಟರಲ್ಲ. ಲಿಂಗಸೂಗೂರಿನಲ್ಲಿ ಒಬ್ಬ ಡಾಕ್ಟರರ ಕೈಕೆಳಗೆ ಹದಿನಾಲ್ಕು ವರ್ಷ ಕಂಪೌಂಡರಾಗಿದ್ದವನು. ಅವರು ತೀರಿಕೊಂಡ ಮೇಲೆ, ಓದಿ ಬಂದ ಅವರ ಮಗ ಪೇಷಂಟುಗಳ ಎದುರಿಗೇ, "ಇನ್ನ ಗುಳಿಗಿ ಪುಡಿ ಮಾಡೋ ಕಾಲ ಮುಗೀತು, ವಿರೂಪಾಕ್ಷಪ್ಪ," ಎಂದು ನಕ್ಕಿದ್ದ. ಪೇಷಂಟುಗಳೂ ನಕ್ಕಿದ್ದರು. ನಕ್ಕವರಲ್ಲಿ ಒಬ್ಬ ಮುದುಕನ ಕಾಲಿನ ಹುಣ್ಣನ್ನು ಅವನು ಆರು ತಿಂಗಳು ತೊಳೆದಿದ್ದ. ಮುಸಾಫಿರಖಾನೆಯಲ್ಲಿ ಎಲ್ಲರೂ ಅವನನ್ನು ಡಾಕ್ಟರ್ರ ಅನ್ನುತ್ತಿದ್ದರು, ಅವನು ತಿದ್ದುತ್ತಿರಲಿಲ್ಲ. ತಿದ್ದಲಿಲ್ಲವೆಂಬುದು ದಿನವೂ ಒಂದು ಸಲ ನೆನಪಾಗುತ್ತಿತ್ತು.

"ಮಸ್ಕಿ ಬಂತೇನ್ರಿ?" ಅಂದ ತಾಯಪ್ಪ.

"ಇನ್ನ ಐತಿ. ನೀ ಎದಿ ಗಟ್ಟಿ ಮಾಡಿಕೊಂಡು ಕುಂದ್ರು."

ಎದೆ ಗಟ್ಟಿ ಮಾಡಿಕೊಳ್ಳಬೇಕಾದವನು ತಾನು ಎಂದು ವಿರೂಪಾಕ್ಷಪ್ಪನಿಗೆ ಅನ್ನಿಸಿತು. ಕಳೆದ ಸಲ ಡಾಕ್ಟರು ಮಂಚಗಳ ನಡುವೆ ನಡೆಯುತ್ತ ಅವನ ಮುಖ ನೋಡದೆ ಹೇಳಿದ್ದರು: "ನಲವತ್ತು ಮಂದಿಗೆ ಔಷಧ ಕೊಟ್ಟೀವಿ. ಒಬ್ಬನಾದ್ರೂ ಮನಿ ಸೇರ್ಯಾನೇನು? ಬರೋ ತಿಂಗಳ ಹೈದರಾಬಾದಿನಿಂದ ದೊಡ್ಡ ಮಂದಿ ನೋಡಾಕ ಬರ್ತಾರ. ನಾ ಅವರಿಗೆ ಯಾರನ್ನ ತೋರಿಸ್ಲಿ?" ಆ ಕ್ಷಣ ವಿರೂಪಾಕ್ಷಪ್ಪನ ಕಣ್ಣು ಒಂದೊಂದೇ ಮಂಚದ ಮೇಲೆ ಹಾಯ್ದು ತಾಯಪ್ಪನಿದ್ದ ಹನ್ನೊಂದನೆಯದರ ಮೇಲೆ ನಿಂತಿತ್ತು. ಸಂತೆಯಲ್ಲಿ ದನದ ಹಲ್ಲು ನೋಡುವವರ ಕಣ್ಣೂ ಹೀಗೇ ನಿಲ್ಲುತ್ತದೆ. ಆ ದೊಡ್ಡ ಮಂದಿ ಬರುವುದು ನಾಳೆ, ಸೋಮವಾರ.

ತಾಯಪ್ಪನನ್ನು ಬಸ್ ನಿಲ್ದಾಣದ ಕಂಪೌಂಡಿನಿಂದ ಎತ್ತಿ ತಂದಾಗ ಅವನ ಮೈಯಲ್ಲಿ ಹುಳ ಬಿದ್ದ ಗಾಯವಿತ್ತು. ಮೂರನೇ ದಿನ ಮಧ್ಯಾಹ್ನ ಅವನು ಎದ್ದು ಕೂತು, "ನೀರು ಬಂದ್ ಮಾಡ್ರಿ, ಯಾರರ ನೀರು ಬಂದ್ ಮಾಡ್ರಿ," ಎಂದು ಒಂದೇ ಸಮನೆ ಹೇಳತೊಡಗಿದ. ವಿರೂಪಾಕ್ಷಪ್ಪ ಅಂಗಳದ ನಳವನ್ನು ಬಿಗಿಯಾಗಿ ತಿರುಗಿಸಿ ಬಂದ. ಮತ್ತೆ ಅದೇ ಮಾತು. ಮತ್ತೆ ಹೋಗಿ ತಿರುಗಿಸಿ ಬಂದ, ಅವನಿಗೆ ಕಾಣುವ ಹಾಗೆ. ಪುಡಿಯ ಅಮಲು ಇಳಿಯುವಾಗ ಎಲ್ಲರೂ ಏನಾದರೊಂದು ಬಡಬಡಿಸುತ್ತಾರೆ, ಅದಕ್ಕೆ ಅರ್ಥ ಹುಡುಕಬಾರದು ಎಂದು ಡಾಕ್ಟರು ಹೇಳಿದ್ದರು. ಅಡುಗೆಯ ಸಕೀನಾಬೀ ಮಾತ್ರ ಗಂಜಿಯ ಬಟ್ಟಲು ಹಿಡಿದು ನಿಂತವಳು, "ಇದು ಪುಡಿ ಆಡಿಸೋ ಮಾತಲ್ಲ ಭಾಯಿ. ಈ ಮನಿಶಾಂದ ಮಾತು ಇದು," ಅಂದಿದ್ದಳು. ಅವನು ಕೇಳಿಸಿಕೊಂಡಿರಲಿಲ್ಲ. ಹತ್ತು ದಿನದಲ್ಲಿ ತಾಯಪ್ಪನ ಕೈ ನಡುಗುವುದು ನಿಂತಿತು. ಇಪ್ಪತ್ತು ದಿನಕ್ಕೆ ಉಳಿದವರ ಮಲಮೂತ್ರ ಬಳಿಯತೊಡಗಿದ. ಎರಡು ತಿಂಗಳಾದರೂ ಹೊರಗಿನ ಗೇಟು ದಾಟಲಿಲ್ಲ. ಇಂಥವನು ನಲವತ್ತರಲ್ಲಿ ಒಬ್ಬನೂ ಇರಲಿಲ್ಲ. ಮನೆಯ ಸುದ್ದಿ ಎತ್ತಿದರೆ ಮಾತ್ರ, "ಇಲ್ಲರಿ," ಅನ್ನುವನು. ಮಸ್ಕಿ ಎಂಬ ಊರ ಹೆಸರೊಂದನ್ನು ಹೊರಡಿಸಲು ಸಕೀನಾಬೀಗೆ ಒಂದು ವಾರ ಹಿಡಿದಿತ್ತು.

"ಬ್ಯಾಡ್ರಿ ಡಾಕ್ಟರ್ರ. ನನ್ನ ನೋಡಿದ್ರ ಹೆಣ್ತಿಗೆ ಸಂಕಟ ಆಗ್ತೈತಿ," ಅಂದಿದ್ದ ತಾಯಪ್ಪ.

ಆಗ ವಿರೂಪಾಕ್ಷಪ್ಪ ಡಾಕ್ಟರರ ಬಾಯಿಂದ ಕೇಳಿ ಕಲಿತ ಮಾತನ್ನು ತನ್ನದೇ ಎಂಬಂತೆ ಹೇಳಿದ್ದ. "ಕುಡಿತ ಒಂದು ಜಡ್ಡು, ತಾಯಪ್ಪ. ಜ್ವರ ಬಂದಾಗ ಬಡಬಡಿಸಿದ್ದನ್ನ ಯಾರರ ಮನಸಿನ್ಯಾಗ ಇಟಗೊಳ್ತಾರೇನು? ಹಂಗ, ಕುಡದಾಗ ಮಾಡಿದ್ದು ನೀ ಮಾಡಿದ್ದಲ್ಲ. ಜಡ್ಡು ಹೋತು, ನೀ ಉಳದಿ. ಅಕಿಗೆ ಅದನ್ನ ತೋರಸಬೇಕು." ತಾಯಪ್ಪ ತುಂಬ ಹೊತ್ತು ಅವನ ಕೈಗಳನ್ನೇ ನೋಡುತ್ತ ಕೂತಿದ್ದ. ತನ್ನ ಹೊಲಸು ಬಳಿದ ಕೈಗಳು, ಹಲ್ಲಿನ ನಡುವೆ ಅರಿವೆ ತುರುಕಿದ ಕೈಗಳು. "ನೀವು ಹೇಳಿದ್ರ ಬರ್ತೀನ್ರಿ," ಅಂದ. ಅದು ಒಪ್ಪಿಗೆಯಲ್ಲ, ಉಪಕಾರ ತೀರಿಸುವುದು ಎಂದು ವಿರೂಪಾಕ್ಷಪ್ಪನಿಗೆ ಆವಾಗಲೇ ಗೊತ್ತಿತ್ತು. ಗೊತ್ತಿಲ್ಲದವನಂತೆ ಬೆನ್ನು ತಟ್ಟಿದ್ದ.

ಮಸ್ಕಿಯಲ್ಲಿ ಇಳಿದು, ಗುಡ್ಡದ ಕಡೆ ಹೋಗುವ ಓಣಿಯಲ್ಲಿ ತಾಯಪ್ಪ ಎರಡು ಹೆಜ್ಜೆ ಹಿಂದೆಯೇ ನಡೆದ. ಅವನ ಹೆಂಡತಿ ಗದ್ದೆಮ್ಮನ ಮನೆ ಕೇಳಬೇಕಾಗಲಿಲ್ಲ. ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು, ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಬದುಕುತ್ತಾಳೆಂದು ತಾಯಪ್ಪನೇ ಹೇಳಿದ್ದ. ಕಟ್ಟೆಯ ಮೇಲಿನ ಒಲೆಯ ಮುಂದೆ ಕೂತಿದ್ದ ಹೆಂಗಸು ತಲೆಯೆತ್ತಿದಳು. ಮೊದಲು ವಿರೂಪಾಕ್ಷಪ್ಪನನ್ನು, ಆಮೇಲೆ ಅವನ ಹಿಂದೆ ನಿಂತವನನ್ನು ನೋಡಿದಳು. ಅವಳ ಕೈ ನಿಲ್ಲಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, "ಬರ್ರಿ ಅಣ್ಣಾರ, ಕುಂದರ್ರಿ," ಅಂದಳು. ಹಿಂದೆ ನಿಂತವನಿಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ತಾಯಪ್ಪ ಎದುರಿನ ಗೋಡೆಗೆ ಒರಗದೆ, ಅದರ ನೆರಳಿನಲ್ಲಿ ನಿಂತ. ವಿರೂಪಾಕ್ಷಪ್ಪ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿದ: ಜಡ್ಡು, ಔಷಧ, ಎರಡು ತಿಂಗಳು, ಇನ್ನು ಮುಟ್ಟುವುದಿಲ್ಲ. ಹೇಳುತ್ತ ಹೇಳುತ್ತ ತನ್ನ ದನಿ ಪುಢಾರಿಗಳ ದನಿಯಂತೆ ಕೇಳಿಸಿ ನಾಚಿಕೆಯಾಯಿತು, ಆದರೂ ನಿಲ್ಲಿಸಲಾಗಲಿಲ್ಲ.

"ಖರೇನ ಬಿಟ್ಟಾನೇನ್ರಿ?" ಅಂದಳು ಗದ್ದೆಮ್ಮ.

"ಖರೇನ ಬಿಟ್ಟಾನ, ತಂಗಿ."

"ಛಲೋ ಆತು." ಅವಳು ಮತ್ತೊಂದು ಹಿಟ್ಟಿನ ಮುದ್ದೆ ನಾದತೊಡಗಿದಳು. "ಕುಡದು ಹೊಡೀತಿದ್ದ ಅಂತ ನಾ ಬಿಟ್ಟೀನಂತ ತಿಳಕೊಂಡೀರಿ ನೀವು. ಈತ ನನ್ನ ಒಂದು ದಿನಾ ಹೊಡದಿಲ್ಲ, ಅಣ್ಣಾರ. ನನ್ನ ಮಗಳು ಇರೋತನಕ ಸೇಂದಿ ಮೂಸಿದಾಂವ ಅಲ್ಲ."

ವಿರೂಪಾಕ್ಷಪ್ಪ ಹಿಂದೆ ತಿರುಗಿ ನೋಡಿದ. ತಾಯಪ್ಪ ನೆಲ ನೋಡುತ್ತಿದ್ದ.

"ಕಾಲುವಿ ಗ್ಯಾಂಗಿನಾಗ ಕೂಲಿಗಿದ್ದ. ನೀರಾಗ ಬಿದ್ದ ಎಮ್ಮಿ, ಮಂದಿ, ಎಷ್ಟು ತಗದಾನ ಅನ್ನೋದು ಈ ಊರಾಗ ಯಾರನ್ನ ಬೇಕಾದ್ರೂ ಕೇಳ್ರಿ. ನಾಕು ವರ್ಷದ ಹಿಂದ, ಕಾಲುವಿಗೆ ನೀರು ಬಿಟ್ಟ ಮರುದಿನ, ಮಗಳು ಜೋಗಮ್ಮ ಬಟ್ಟಿ ಜಾಲಿಸಾಕ ಹೋಗಿ ಜಾರಿದ್ಲು. ಹನ್ನೊಂದು ವರ್ಷದಾಕಿ. ನಾ ಈ ದಂಡಿಗಿದ್ದೆ, ನನಗ ಈಜು ಬರಂಗಿಲ್ಲ. ಈತ ಆ ದಂಡಿಗಿದ್ದ. ಅಕಿ ಯಪ್ಪಾ ಅಂದ್ಲು, ನನ್ನ ಕರೀಲಿಲ್ಲ. ಎರಡು ಸರ್ತಿ ಅಂದ್ಲು. ಈತ ನಿಂತಿದ್ದ. ಮಂದಿ ಬಂದು ಅಕಿನ್ನ ಕೆಳಗಿನ ಗೇಟಿನ ಹತ್ರ ತಗದ್ರು. ಈತ ಅಲ್ಲೇ ನಿಂತಿದ್ದ. ಈತನ ಧೋತ್ರಕ್ಕ ಒಂದು ಹನಿ ನೀರು ತಾಕಿರಲಿಲ್ಲ, ಅಣ್ಣಾರ."

ರೊಟ್ಟಿ ಸೀಯತೊಡಗಿತ್ತು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ಆಮ್ಯಾಲ ಕುಡ್ಯಾಕ ಹತ್ತಿದ. ನನಗ ಹಗುರಾತು. ಮಂದಿ, ಆವತ್ತೂ ಕುಡದಿದ್ದ ಅದಕ್ಕ ಹಂಗ ನಿಂತ, ಅಂತ ಹಿಂದುಮುಂದು ಮಾಡಿ ಆಡಿದ್ರು. ನಾನೂ ಹೂಂ ಅಂದೆ. ಹಂಗ ಅಂದ್ಕೊಂಡು ನಾಕು ವರ್ಷ ಒಲಿ ಹಚ್ಚೀನಿ. ಈಗ ನೀವು ಕುಡಿತ ಬಿಡಿಸಿ, ಮಕ ತೊಳಸಿ, ಮದಲಿನಂಗ ಮಾಡಿ ಕರಕೊಂಡು ಬಂದೀರಿ. ಆವತ್ತು ನಿಂತಿದ್ದು ಇದ ಮಕ. ಈ ಮಕಕ್ಕ ನಾ ಏನು ಹೇಳ್ಲಿ, ನೀವ ಹೇಳಿಕೊಡ್ರಿ."

ಅವಳು ಅಳುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು, ಓದಿದವನಿಗೆ ಗೊತ್ತಿರಬಹುದೆಂದು. ಗುಳಿಗೆಗಳ ಹೆಸರು, ಸೂಜಿಯ ಅಳತೆ, ನಾಡಿಯ ಬಡಿತ, ಕಂಪೌಂಡರ್ ವಿರೂಪಾಕ್ಷಪ್ಪನಿಗೆ ಗೊತ್ತಿದ್ದ ಎಲ್ಲವೂ ಆ ಒಲೆಯ ಹೊಗೆಯಲ್ಲಿ ಎತ್ತಲೋ ಹೋಯಿತು. ಅಂಗಳದ ನಳವನ್ನು ತಾನು ಬಿಗಿಯಾಗಿ ತಿರುಗಿಸಿ ಬಂದದ್ದು, ನೋಡು ಬಂದ್ ಮಾಡೀನಿ ಎಂದು ಹೆಮ್ಮೆಯಿಂದ ಹೇಳಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಎದ್ದು ನಿಂತ. ಅವನು ಮೆಟ್ಟಿಲಿಳಿಯುವಾಗ ಗದ್ದೆಮ್ಮ ಎರಡು ರೊಟ್ಟಿ ಮಡಚಿ, ನಡುವೆ ಶೇಂಗಾಪುಡಿ ಹಾಕಿ, ಅವನ ಕೈಗೆ ಕೊಟ್ಟಳು. "ಹಸದಿರಬೇಕು. ತಿನ್ನಾಕ ಹೇಳ್ರಿ," ಅಂದಳು. ಯಾರು ಹಸಿದಿರಬೇಕೆಂದು ಹೇಳಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ತಾಯಪ್ಪ ಆ ರೊಟ್ಟಿಗಳನ್ನು ಒಂದು ಚೂರೂ ಬೀಳಿಸದೆ ತಿಂದ. ಚೂರು ಮುರಿಯುವುದು, ಬಾಯಿಗಿಡುವುದು, ನುಂಗುವವರೆಗೂ ಕಾಯುವುದು, ಮತ್ತೆ ಮುರಿಯುವುದು. ಸೀದ ರೊಟ್ಟಿಯೂ ಅದರಲ್ಲಿತ್ತು. ಈ ಸಲ ವಿರೂಪಾಕ್ಷಪ್ಪನೇ ಕಿಡಕಿಯ ಪಕ್ಕ ಕೂತಿದ್ದ. ಇಳಿದು ಓಡಿದರೆ ಓಡಲಿ ಅನ್ನಿಸುತ್ತಿತ್ತು. ಕೇಳಬಾರದು ಎಂದು ನಾಲಿಗೆ ಹಿಡಿದುಕೊಂಡಿದ್ದವನು ಕಾಲುವೆಯ ಸೇತುವೆ ದಾಟುವಾಗ ಕೇಳಿಯೇಬಿಟ್ಟ.

"ಯಾಕ ಜಿಗೀಲಿಲ್ಲ, ತಾಯಪ್ಪ?"

ತಾಯಪ್ಪ ಯೋಚಿಸಿದ. ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದವನಂತೆ, ಸರಿಯಾದ ಉತ್ತರ ಕೊಡಬೇಕೆಂಬಂತೆ ಯೋಚಿಸಿದ. "ಗೊತ್ತಿಲ್ರಿ. ಕಾಲು ಏಳಲಿಲ್ಲ. ಈಗ ಜಿಗೀತೀನಿ, ಈಗ ಜಿಗೀತೀನಿ ಅನ್ಕೋತ ನಿಂತಿದ್ದೆ. ಮಂದಿ ಮಕ್ಕಳು ಬಿದ್ದಾಗ ಹಂಗ ಅನ್ಕೋತಿದ್ದಿಲ್ರಿ, ಜಿಗೀತಿದ್ದೆ." ಕೈಗಂಟಿದ ಶೇಂಗಾಪುಡಿ ಒರೆಸಿಕೊಂಡು ಹೇಳಿದ: "ಇನ್ನಾ ಹಂಗ ಅನ್ಕೋತ ಇರ್ತೀನ್ರಿ."

"ಕುಡದಾಗ?"

"ಕುಡದಾಗ ಅನ್ಕೊಂಡದ್ದು ಕೇಳಸ್ತಿದ್ದಿಲ್ರಿ."

ಸೋಮವಾರ ಬೆಳಿಗ್ಗೆ ಎರಡು ಕಾರು ಬಂದವು. ಮುಸಾಫಿರಖಾನೆಯ ಅಂಗಳಕ್ಕೆ ನೀರು ಹೊಡೆದಿದ್ದರು, ಸಕೀನಾಬೀ ಉಪ್ಪಿಟ್ಟು ಮಾಡಿದ್ದಳು, ಹದಿನಾಲ್ಕು ಮಂಚಕ್ಕೂ ಹೊಸ ಚಾದರ ಹಾಸಿತ್ತು. ನಸುಕಿನಿಂದಲೂ ವಿರೂಪಾಕ್ಷಪ್ಪ ಒಂದೇ ಮಾತನ್ನು ತಿರುಗಿಸುತ್ತಿದ್ದ: ಆಗಲಿಲ್ಲ ಸರ್, ಅವರು ಕರಕೊಳ್ಳಲಿಲ್ಲ. ಇಷ್ಟೇ ಹೇಳಿದರೆ ಸಾಕು. ಆದರೆ ಡಾಕ್ಟರು ಇಳಿಯುತ್ತಿದ್ದಂತೆಯೇ, "ಹೋಗಿ ಬಂದೀರಂತಲ್ಲ ಮಸ್ಕಿಗೆ," ಅಂದರು. ಅವನು, "ಹೂಂ ಸರ್, ಹೋಗಿದ್ವಿ," ಅಂದ. ಅಷ್ಟರಲ್ಲಿ ಕಾರಿನಿಂದ ಉಳಿದವರು ಇಳಿದರು, ಮಾತು ಅಲ್ಲಿಗೇ ನಿಂತಿತು. ಹೋಗಿದ್ದು ಸುಳ್ಳಲ್ಲವಲ್ಲ ಎಂದು ಅವನು ಅವರ ಹಿಂದೆ ನಡೆಯುತ್ತ ಅಂದುಕೊಂಡ. ಕನ್ನಡಕದ ಹೆಂಗಸೊಬ್ಬಳು, ಇಬ್ಬರು ಹಿರಿಯರು, ಕ್ಯಾಮೆರಾ ಹಿಡಿದ ಒಬ್ಬಾತ. ಹನ್ನೊಂದನೇ ಮಂಚದ ಬಳಿ ಡಾಕ್ಟರು ನಿಂತರು. ತಾಯಪ್ಪ ಎದ್ದು ಕೈಮುಗಿದ.

"ಇವ ನಮ್ಮ ತಾಯಪ್ಪ. ಎರಡು ತಿಂಗಳಿಂದ ಮುಟ್ಟಿಲ್ಲ. ನಿನ್ನೆ ಊರಿಗೆ ಹೋಗಿದ್ದ," ಎಂದು ಬಂದವರಿಗೆ ಹೇಳಿ, ಅವನ ಕಡೆ ತಿರುಗಿದರು. "ಏನಂದ್ಲಪ್ಪ ನಿನ್ನ ಹೆಣ್ತಿ?"

ತಾಯಪ್ಪ ವಿರೂಪಾಕ್ಷಪ್ಪನ ಮುಖ ನೋಡಿದ. ಆ ನೋಟದಲ್ಲಿ ಕೇಡಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಎದುರಿಗಿರುವವನಿಗೆ ಎಲ್ಲಿ ನೋಯುತ್ತದೆಂದು ನೋಡುವ ನೋಟ ಅದು, ದಿನವೂ ತಾನು ಮಂಚಗಳಲ್ಲಿದ್ದವರನ್ನು ನೋಡುವ ನೋಟ.

"ರೊಟ್ಟಿ ಬಡದು ಕೊಟ್ಲರಿ," ಅಂದ ತಾಯಪ್ಪ. ಆಮೇಲೆ, "ಬಾ ಅಂದಾಳ್ರಿ. ಭಾಳ ಖುಷಿ ಆದ್ಲು."

ಕನ್ನಡಕದ ಹೆಂಗಸು ಕಣ್ಣೊರೆಸಿಕೊಂಡಳು. ಹಿರಿಯರಲ್ಲೊಬ್ಬರು ಚಪ್ಪಾಳೆ ತಟ್ಟಿದರು, ಮಂಚಗಳಲ್ಲಿದ್ದವರೂ ಯಾಕೆಂದು ತಿಳಿಯದೆ ತಟ್ಟಿದರು. ಡಾಕ್ಟರು ಮೂರು ವರ್ಷದಲ್ಲಿ ಮೊದಲ ಸಲ ವಿರೂಪಾಕ್ಷಪ್ಪನ ಭುಜದ ಮೇಲೆ ಕೈಯಿಟ್ಟು, "ಶಭಾಶ್," ಅಂದರು. ಆ ಕೈಯ ಭಾರ ಹಿತವಾಗಿತ್ತು. ಅದೇ ಆಮೇಲೆ ಅವನಿಗೆ ಮರೆಯಲಾಗದೆ ಹೋದದ್ದು: ಹಿತವಾಗಿತ್ತು. ಲಿಂಗಸೂಗೂರಿನಲ್ಲಿ ನಕ್ಕವರೆಲ್ಲ ಈಗ ಇಲ್ಲಿರಬೇಕಿತ್ತು ಎಂದು ಒಂದು ಕ್ಷಣ ಅನ್ನಿಸಿತ್ತು.

"ಹಂಗಾದ್ರ ಈ ಹಾಸಿಗಿ ಖಾಲಿ ಆತು," ಡಾಕ್ಟರು ರಿಜಿಸ್ಟರು ತರಿಸಿ ತಾವೇ ಬರೆದರು. "ಮನಿ ಸೇರಿದ. ಹೊರಗ ಮೂರು ಮಂದಿ ಬಿದ್ದಾರ, ಒಬ್ಬನ್ನ ಇಲ್ಲಿ ಹಾಕು. ತಾಯಪ್ಪ, ನೀ ಇವತ್ತ ಹೊರಡು. ಹೆಣ್ತಿ ಕಾಯ್ತಿರ್ತಾಳ."

ತಾಯಪ್ಪ ಚಾದರ ತೆಗೆದು, ಝಾಡಿಸಿ, ನಾಲ್ಕು ಮಡಿಕೆ ಮಾಡಿ ಮಂಚದ ತಲೆದೆಸೆಗಿಟ್ಟ. ಅಲ್ಲಿ ಅವನದೆನ್ನುವುದು ಬೇರೆ ಏನೂ ಇರಲಿಲ್ಲ. ವಿರೂಪಾಕ್ಷಪ್ಪ ಮೂರು ಮಾರು ದೂರದಲ್ಲಿದ್ದ. ಈಗ ಹೇಳಬೇಕು, ಈಗ ಹೇಳುತ್ತೇನೆ, ಈ ಹೆಂಗಸು ಆಚೆ ಸರಿಯಲಿ, ಇವರು ಉಪ್ಪಿಟ್ಟಿಗೆ ಕೂರಲಿ, ಡಾಕ್ಟರು ಒಬ್ಬರೇ ಸಿಗಲಿ. ಮಾತು ಬಾಯಿಯ ತನಕ ಬಂದು ಅಲ್ಲೇ ಇತ್ತು. ಡಾಕ್ಟರು ಅವನ ಕಡೆ ನೋಡಿದಾಗ ಅವನು ನಕ್ಕ. ತಾಯಪ್ಪ ಹತ್ತಿರ ಬಂದು, "ಬರ್ತೀನ್ರಿ ಡಾಕ್ಟರ್ರ," ಅಂದ. ಡಾಕ್ಟರು ಎಂಬ ಆ ಮಾತು ನಿಜವಾದ ಡಾಕ್ಟರರಿಗೂ ಕೇಳಿಸಿ ಅವರು ಹುಬ್ಬೇರಿಸಿದರು. ಅವಮಾನದಲ್ಲಿ ತಡವರಿಸಿ ವಿರೂಪಾಕ್ಷಪ್ಪ ಜೇಬಿನಿಂದ ಗುಳಿಗೆಯ ಪೊಟ್ಟಣ ತೆಗೆದು ಕೊಟ್ಟ. "ಊಟ ಆದ ಮ್ಯಾಲ ಒಂದೊಂದು. ಮರೀಬ್ಯಾಡ," ಅಂದ. ಎರಡು ತಿಂಗಳು ಮಗುವಿನಂತೆ ನೋಡಿಕೊಂಡವನಿಗೆ ಅವನು ಹೇಳಿದ್ದು ಇಷ್ಟು. ತಾಯಪ್ಪ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು, ಎರಡು ತಿಂಗಳಿಂದ ಒಬ್ಬನೇ ಎಂದೂ ದಾಟದಿದ್ದ ಗೇಟನ್ನು ದಾಟಿ ಹೋದ.

ಕಾರುಗಳು ಹೋದ ಮೇಲೆ ಸಕೀನಾಬೀ ತಟ್ಟೆಗಳನ್ನು ತೊಳೆಯುತ್ತ ಕೇಳಿದಳು. "ತಾಯಪ್ಪ ಎಲ್ಲಿ ಹೋದ?"

"ಮನಿಗೆ."

"ಯಾರ ಮನಿಗೆ, ಭಾಯಿ?"

ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಬಸ್ ನಿಲ್ದಾಣಕ್ಕೆ ಓಡಿದ. ಮಸ್ಕಿಯ ಬಸ್ಸು ನಿಂತಿತ್ತು, ಅದರಲ್ಲಿರಲಿಲ್ಲ. ಲಿಂಗಸೂಗೂರಿನದರಲ್ಲಿರಲಿಲ್ಲ, ರಾಯಚೂರಿನದರಲ್ಲೂ ಇರಲಿಲ್ಲ. ಮರುದಿನ ಮಸ್ಕಿಗೆ ಹೋದ. ರೊಟ್ಟಿಯ ಸದ್ದು ಕೇಳುವಷ್ಟು ದೂರದವರೆಗೆ ಓಣಿಯಲ್ಲಿ ನಡೆದು, ಮುಂದೆ ಹೋಗಲಾಗದೆ, ಮೂಲೆಯ ಅಂಗಡಿಯವನನ್ನು ಕೇಳಿದ. ಬಂದಿಲ್ಲ ಅಂದ. ಕಾಲುವೆಯ ಗೇಟು ನೋಡಿಕೊಳ್ಳುವವರನ್ನು ಕೇಳಿದ. ನೀರಾಗ ಯಾರೂ ಸಿಕ್ಕಿಲ್ಲರೀ, ಅಂದರು. ಆ ಮಾತಿಗೆ ಅವನು ಕಾಲುವೆಯ ದಂಡೆಯಲ್ಲಿ ಕೂತು ತುಂಬ ಹೊತ್ತು ಮೇಲೇಳಲಿಲ್ಲ. ಡಾಕ್ಟರರಿಗೆ ಒಂದು ಕಾಗದ ಬರೆದು, ಎಲ್ಲವನ್ನೂ ಬರೆದು, ಅಂಚೆಗೆ ಹಾಕಿದ. ಉತ್ತರ ಬರಲಿಲ್ಲ. ಮುಂದಿನ ತಿಂಗಳು ಬಂದ ಡಾಕ್ಟರು ಅದರ ಸುದ್ದಿ ಎತ್ತಲಿಲ್ಲ. ಹನ್ನೊಂದನೇ ಮಂಚದಲ್ಲಿ ಆಗ ಗುರುಗುಂಟಾದ ಒಬ್ಬ ಕುರಿಗಾಹಿ ಮಲಗಿದ್ದ, ಗೋಡೆಯ ಮೇಲೆ ಇರುವೆಗಳನ್ನು ತೋರಿಸುತ್ತ.

ಆ ಬೇಸಿಗೆಯಿಡೀ, ಸಂಜೆಯ ಗುಳಿಗೆಗಳನ್ನು ಕೊಟ್ಟು ಮುಗಿಸಿ ಅವನು ಊರ ಸೇಂದಿ ಅಂಗಡಿಗಳನ್ನು ಸುತ್ತಿದ. ಒಳಗೆ ಕಾಲಿಟ್ಟ ಕೂಡಲೇ ಅವನನ್ನು ಗುರುತಿಸಿದವರು ತಲೆತಗ್ಗಿಸಿ ಎದ್ದು ಹೋಗುವರು. ಕೊನೆಗೆ ಹಳೆಬಜಾರಿನ ಅಂಗಡಿಯ ಬಸ್ಸಪ್ಪ ಅವನನ್ನು ಪಕ್ಕಕ್ಕೆ ಕರೆದ.

"ಯಾರನ್ನ ಹುಡುಕಾಕತ್ತೀರಿ, ಡಾಕ್ಟರ್ರ?"

"ನಾ ಡಾಕ್ಟರಲ್ಲ. ಕಂಪೌಂಡರು," ಅಂದ ವಿರೂಪಾಕ್ಷಪ್ಪ. "ತಾಯಪ್ಪ ಅಂತ. ಮಸ್ಕಿಯವ."

"ಆತ ಯಾಕ ಬರ್ತಾನ್ರಿ ಇಲ್ಲಿಗೆ? ಬಿಟ್ಟಾನಂತಲ್ಲ. ನೀವ ಬಿಡಿಸಿದ್ದಂತ."

"ಒಂದು ವ್ಯಾಳ್ಯಾ ಬಂದ್ರ," ಅಂದ ವಿರೂಪಾಕ್ಷಪ್ಪ, "ಇಲ್ಲ ಅನಬ್ಯಾಡ. ಕೊಡು. ಕೊಟ್ಟು, ನನಗ ಹೇಳಿ ಕಳಸು."

ಬಸ್ಸಪ್ಪ ಅವನನ್ನು ವಿಚಿತ್ರವಾಗಿ ನೋಡಿದ. ವಿರೂಪಾಕ್ಷಪ್ಪ ಹೊರಗೆ ಬಂದ. ಇನ್ನೂ ಬೆಳಕಿತ್ತು. ಬಸ್ ನಿಲ್ದಾಣದ ಕಂಪೌಂಡಿನ ಉದ್ದಕ್ಕೂ ಎಂದಿನಂತೆ ಏಳೆಂಟು ಮಂದಿ ಮೈಮರೆತು ಬಿದ್ದಿದ್ದರು. ಅವನು ಮೊದಲನೆಯವನ ಬಳಿ ಮೊಣಕಾಲೂರಿ, ಭುಜ ಹಿಡಿದು ನಿಧಾನವಾಗಿ ಹೊರಳಿಸಿ ಮುಖ ನೋಡಿದ. ಸೇಂದಿಯ ಹುಳಿ ವಾಸನೆ ಮುಖಕ್ಕೆ ಬಡಿಯಿತು. ತಾಯಪ್ಪನಲ್ಲ. ವಾಂತಿಯಾದರೆ ಉಸಿರು ಕಟ್ಟದಿರಲೆಂದು ಅವನ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕೆಳಗೆ ಅವನದೇ ಟವೆಲು ಮಡಚಿಟ್ಟು, ಎದ್ದು, ಎರಡನೆಯವನ ಬಳಿ ಹೋದ.